ಬುಚೋನನ್ನು ಗೆಲ್ಲಿಸುವ ಕೆಲಸ

ಸೋಲುವುದು ಸುಲಭ ಎಂದು ಯಾರಾದರೂ ನಿಮಗೆ ಹೇಳಿದ್ದರೆ, ಅವರು ಇಸೊಗಾಯ್ ಜೊತೆ ಒಂದು ಆಟವನ್ನೂ ಆಡಿಲ್ಲ ಎಂದು ತಿಳಿಯಿರಿ. ಬರೀ ಸೋತರೆ ಅವನಿಗೆ ಸಾಲದು. ಇನ್ನೇನು ಗೆದ್ದೇಬಿಟ್ಟೆವು ಎನ್ನುವಂತೆ ಆಡಿ, ಕೊನೆಯ ಗಳಿಗೆಯಲ್ಲಿ ಎಡವಿ, "ಅಯ್ಯೋ!" ಎಂದು ತೊಡೆ ಬಡಿದುಕೊಳ್ಳಬೇಕು. ಆ ಅಯ್ಯೋ ಸ್ವಲ್ಪ ಮುಂಚೆ ಬಂದರೆ ಅವನಿಗೆ ಅನುಮಾನ, ತಡವಾಗಿ ಬಂದರೆ ಬೇಸರ. ನಾನು ಚಿತ್ರ ಬರೆಯಲು ಕಲಿತದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಈ ಅಯ್ಯೋ ಕಲಿತೆ.

ಇಸೊಗಾಯ್ ಎಂದರೆ ನಾಗಾರಾ ಗೊರಾಕು ಎಂಬ ನಮ್ಮ ಒಸಾಕಾದ ವಿಡಿಯೊ ಗೇಮ್ ಕಂಪನಿಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥ. ಮುಖ್ಯಸ್ಥನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಬುಚೋ ಎನ್ನುತ್ತೇವೆ. ಎದುರಿಗೆ ಬಹುವಚನ ಕೊಟ್ಟು ಕೊಟ್ಟು ನನ್ನ ನಾಲಿಗೆ ಸವೆದಿದೆ, ಇಲ್ಲಾದರೂ ಏಕವಚನದಲ್ಲಿ ಹೇಳಿ ಹಗುರಾಗುತ್ತೇನೆ. ಈ ಮಹಾಶಯ ಮೊದಲು ಬಾರ್‌ಗಳಿಗೆ ಕರಾಒಕೆ ಮೆಷಿನ್ ಮಾರುತ್ತಿದ್ದ. ಅಲ್ಲಿ ಚೆನ್ನಾಗಿ ಮಾರಿದ ಎಂದು ಇಲ್ಲಿಗೆ ತಂದು ಕೂರಿಸಿದರು. ಆಟದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಲಿವರ್ ಎಡಗೈಗೆ, ಗುಂಡಿಗಳು ಬಲಗೈಗೆ, ಅಷ್ಟೇ. ಮಿಕ್ಕದ್ದನ್ನು ಗುಂಡಿಗಳನ್ನೆಲ್ಲ ಒಟ್ಟಿಗೆ ಅಂಗೈಯಲ್ಲಿ ಒತ್ತಿ, ಹಿಟ್ಟು ನಾದುವವನ ಹಾಗೆ ನಾದಿ ಪೂರೈಸುತ್ತಿದ್ದ.

ಇಂಥವನು ಪ್ರತಿದಿನ ಗೆಲ್ಲುತ್ತಿದ್ದ. ಯಾಕೆ ಅಂದರೆ ಅದು ನಮ್ಮಲ್ಲಿ ನಡೆದು ಬಂದ ರೀತಿ. ಗಿರಾಕಿಯ ಜೊತೆ ಗಾಲ್ಫ್ ಆಡಿದರೆ ಚೆಂಡನ್ನು ಪೊದೆಯೊಳಕ್ಕೆ ಹೊಡೆಯಬೇಕು. ಮೇಲಿನವರ ಜೊತೆ ಮಾಜಾಂಗ್ ಆಡಿದರೆ ಕೈಗೆ ಬಂದ ಒಳ್ಳೆಯ ಬಿಲ್ಲೆಯನ್ನು ಎಸೆಯಬೇಕು. ಇದಕ್ಕೆ ಸೆತ್ತಾಯ್ ಎನ್ನುತ್ತಾರೆ. ಯಾರೂ ಕಲಿಸುವುದಿಲ್ಲ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಅದರ ಮರ್ಯಾದೆ ಹೋಯಿತು. ನಮ್ಮಲ್ಲಿ ಇದರ ಪಂಡಿತ ಫುಕುಮಿತ್ಸು. ಆಟದ ಲೆಕ್ಕಾಚಾರವನ್ನೆಲ್ಲ ಮೆಷಿನ್‌ಗೆ ಬರೆಯುವವನು, ಯಾವ ಏಟಿಗೆ ಎಷ್ಟು ಬಲ ಎಂದು ನಿರ್ಧರಿಸುವವನು ಅವನೇ. ನಿಜವಾಗಿ ಆಡಿದರೆ ಒಸಾಕಾದಲ್ಲಿ ಅವನನ್ನು ಮುಟ್ಟುವವರು ಬೆರಳೆಣಿಕೆ.

"ಏನಯ್ಯಾ ಫುಕುಮಿತ್ಸು, ಇವತ್ತು ಸ್ವಲ್ಪದರಲ್ಲಿ ತಪ್ಪಿಸ್ಕೊಂಡೆ ನಾನು!" ಎಂದು ಬುಚೋ ಟೈ ಸಡಿಲಿಸಿಕೊಳ್ಳುತ್ತಿದ್ದ.

"ಎಲ್ಲಿ ಬುಚೋ, ನಿಮ್ಮ ಕೈ ಓಡೋದು ಕಣ್ಣಿಗೇ ಕಾಣಲ್ಲ," ಎಂದು ಫುಕುಮಿತ್ಸು ಬೆವರು ಒರೆಸಿಕೊಳ್ಳುತ್ತಿದ್ದ. ಬೆವರು ಮಾತ್ರ ನಿಜವಾದದ್ದು, ಸೋಲುವುದಕ್ಕೆ ಅಷ್ಟು ಕಷ್ಟಪಡಬೇಕಿತ್ತು.

ನಾನು ಕುರಾಮೊಚಿ ತೊಮೊಎ. ಚುಕ್ಕಿಯ ಪಕ್ಕ ಚುಕ್ಕಿ ಇಟ್ಟು ಆಟದ ಜಟ್ಟಿಗಳನ್ನು ಬರೆಯುವುದು ನನ್ನ ಕೆಲಸ. ತೊಂಬತ್ತೆರಡರಲ್ಲಿ ನಮ್ಮ 'ಗೊಕೆನ್' ಎಂಬ ಹೊಡೆದಾಟದ ಆಟ ಬಂತು. ಅದರಲ್ಲಿ ಒಂದು ಜಾಗ ಖಾಲಿ ಉಳಿದಿತ್ತು, ಹೊತ್ತು ಮೀರಿತ್ತು, ಯಾರಿಗೂ ಏನೂ ಹೊಳೆಯಲಿಲ್ಲ. ನಾನು ನನ್ನಮ್ಮನನ್ನು ಬರೆದುಕೊಟ್ಟೆ. ಜೂಸೊದಲ್ಲಿ ರೈಲು ಹಳಿಯ ಪಕ್ಕ ಅಮ್ಮನದು ಒಕೊನೊಮಿಯಾಕಿ ಅಂಗಡಿ. ಕಾವಲಿಯ ಮೇಲೆ ಎಲೆಕೋಸಿನ ದಪ್ಪ ರೊಟ್ಟಿ ಹುಯ್ದು ಗಿರಾಕಿಗಳನ್ನು ಬೈದುಕೊಂಡು ಬದುಕುತ್ತಾಳೆ. ಆಟದಲ್ಲಿ ಅವಳ ಹೆಸರು ಒಮಾಸು. ಎರಡೂ ಕೈಯಲ್ಲಿ ಮಗುಚುವ ಕೈ, ಸೊಂಟಕ್ಕೆ ಏಪ್ರನ್, ತಲೆಗೆ ಸುರುಳಿ ಕೂದಲು. ಎದುರಾಳಿಯನ್ನು ಎತ್ತಿ ಕಾವಲಿಗೆ ಕುಕ್ಕಿ ಮಗುಚಿ ಹಾಕುತ್ತಾಳೆ. ಗೆದ್ದರೆ ಕುಣಿಯುವುದಿಲ್ಲ, ಏಪ್ರನ್‌ಗೆ ಕೈ ಒರೆಸಿಕೊಂಡು "ಮುಂದಿನೋರು ಯಾರು?" ಎನ್ನುತ್ತಾಳೆ. ಜನ ನಕ್ಕರು, ಆಮೇಲೆ ಆಡಿದರು, ಆಮೇಲೆ ಅವಳನ್ನು ಬಿಟ್ಟು ಬೇರೆ ಯಾರನ್ನೂ ಆರಿಸಿಕೊಳ್ಳದವರೂ ಹುಟ್ಟಿಕೊಂಡರು.

ಅಮ್ಮ ಬಾಯಿಬಿಟ್ಟು ಒಂದು ದಿನವೂ ಮೆಚ್ಚಿದವಳಲ್ಲ. "ನನ್ನ ಹೊಟ್ಟೆ ಅಷ್ಟು ದಪ್ಪ ಇದೆಯೇನೇ?" ಎಂದಷ್ಟೇ ಕೇಳಿದಳು. ಆದರೆ ಅಂಗಡಿಯ ಮೂಲೆಗೆ ಒಂದು ಮೆಷಿನ್ ತರಿಸಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕಾವಲಿಗಿಂತ ಮೊದಲು ಅದರ ಗಾಜು ಒರೆಸುತ್ತಿದ್ದಳು. ಹೊಸ ಗಿರಾಕಿ ಬಂದರೆ ಗದ್ದದಲ್ಲೇ ಆ ಕಡೆ ತೋರಿಸಿ, "ಅದು ನಾನು," ಎನ್ನುತ್ತಿದ್ದಳು. ಅವಳಿಗೆ ಆಡಲು ಬಾರದು, ಕಲಿಯಲೂ ಇಲ್ಲ. ಯಾರಾದರೂ ಆಡುವಾಗ ಹಿಂದೆ ನಿಂತು ನೋಡುತ್ತಿದ್ದಳು.

ಮಾರನೇ ವರ್ಷ 'ಗೊಕೆನ್ 2' ಮಾಡಿ ಎಂದು ಅಪ್ಪಣೆಯಾಯಿತು. ಅದರ ಜೊತೆಗೇ ಬಂದವನು ಇಸೊಗಾಯ್. ಮೊದಲ ಸಭೆಯಲ್ಲೇ ಒಮಾಸುವಿನ ಚಿತ್ರವನ್ನು ಪೆನ್ನಿನ ತುದಿಯಲ್ಲಿ, ಸತ್ತ ಹಲ್ಲಿಯನ್ನು ದೂಡುವ ಹಾಗೆ ಪಕ್ಕಕ್ಕೆ ದೂಡಿದ.

"ನೂರು ಯೆನ್ ಹಾಕಿ ಯಾವನಾದ್ರೂ ಹೋಟ್ಲು ಮುದುಕಿ ಆಗ್ತಾನೇನ್ರೀ?"

"ಆಗಿದಾರಲ್ಲ ಬುಚೋ. ಮೊದಲನೇ ಆಟದಲ್ಲಿ ಎಷ್ಟೊಂದು ಜನ..."

"ಅದು ತಮಾಷೆಗೆ ಕುರಾಮೊಚಿ-ಸಾನ್. ಈಗ ನಾವು ಗಂಭೀರವಾಗಿ ಕೆಲಸ ಮಾಡೋಣ."

ಗಂಭೀರ ಕೆಲಸ ಏನೆಂದರೆ ರೈಗಾ ಎಂಬ ಹೊಸ ನಾಯಕ. ಉದ್ದ ಕೂದಲು, ಗಾಳಿ ಇಲ್ಲದಿದ್ದರೂ ಹಾರಾಡುವ ಕೋಟು, ಹಲ್ಲುನೋವು ಬಂದವನ ಹಾಗೆ ಅರೆ ಮುಚ್ಚಿದ ಕಣ್ಣು. ಮಾದರಿಗೆಂದು ಬುಚೋ ತನ್ನ ಕಾಲೇಜು ದಿನಗಳ ಫೋಟೊ ತಂದುಕೊಟ್ಟ. "ನೋಡಿ, ಆಗ ನಾನು ಹೀಗೇ ಇದ್ದೆ," ಎಂದ. ಕೂದಲು ಬಿಟ್ಟರೆ ಬೇರೆ ಹೋಲಿಕೆ ಏನೂ ಇರಲಿಲ್ಲ, ಈಗ ಆ ಕೂದಲೂ ಇಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನಮ್ಮವನಿಗೆ ಅಧಿಕಾರ ಬಂದದ್ದೇ ತನ್ನನ್ನೇ ನಾಯಕನನ್ನಾಗಿ ಬರೆಸಿಕೊಂಡ.

ಮೆಷಿನ್‌ನೊಳಗೆ ಇರುವುದು ಇಷ್ಟೇ ಜಾಗ. ಒಬ್ಬ ಬಂದರೆ ಒಬ್ಬರು ಹೋಗಬೇಕು. ನಾನು ಬಿಡಲಿಲ್ಲ, ಸಭೆ ಸಭೆಯಲ್ಲೂ ಕಾಡಿದೆ. ಕೊನೆಗೆ ಬುಚೋ ದೊಡ್ಡ ಮನಸ್ಸು ಮಾಡಿದವನ ಹಾಗೆ ಕುರ್ಚಿಗೆ ಒರಗಿ ಹೇಳಿದ: "ಆಯ್ತು. ಉಮೆದಾದಲ್ಲಿ ಜನರ ಮುಂದೆ ಪರೀಕ್ಷೆಗೆ ಇಡ್ತೀವಲ್ಲ, ಅಲ್ಲಿವರೆಗೂ ಇಬ್ರೂ ಇರಲಿ. ನಾನು ರೈಗಾ ಹಿಡೀತೀನಿ. ನಿಮ್ಮಜ್ಜಿ ನನ್ನೆದುರು ಒಂದೇ ಒಂದ್ಸಲ ಗೆಲ್ಲಲಿ, ಉಳ್ಕೊಳ್ಳಲಿ, ಬೇರೆ ಯಾರನ್ನಾದ್ರೂ ತೆಗೆಯೋಣ. ಇಲ್ಲಾಂದ್ರೆ ಹೊರಗೆ."

ಎಂಥ ನ್ಯಾಯ ನೋಡಿ. ಒಮಾಸು ಉಳಿಯಬೇಕಾದರೆ ಅವನನ್ನು ಯಾರಾದರೂ ಸೋಲಿಸಬೇಕು. ಅವನನ್ನು ಸೋಲಿಸುವ ಒಬ್ಬ ಗಂಡಸೂ ಒಬ್ಬ ಹೆಂಗಸೂ ಆ ಕಟ್ಟಡದಲ್ಲಿ ಇರಲಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ಕಾವಲಿ ಕೆರೆಯುತ್ತಲೇ, "ತೆಗೀಲಿ ಬಿಡೇ. ನಾನೇನು ಅವನ ಮೆಷಿನ್ನಲ್ಲಿ ಬಾಡಿಗೆಗಿದೀನಾ?" ಎಂದಳು. ಆದರೆ ಅವತ್ತು ಉಪ್ಪು ಎರಡು ಸಲ ಹಾಕಿದಳು. ನನಗೆ ಹೊಟ್ಟೆ ಉರಿದುಹೋಯಿತು. ಬದುಕಿಡೀ ಆ ಹೊಗೆಯಲ್ಲಿ ನಿಂತವಳಿಗೆ ಆ ಗಾಜಿನ ಹಿಂದೆ ಇದ್ದದ್ದು ಒಂದೇ ಜಾಗ, ಅದನ್ನೂ ಈ ಕರಾಒಕೆ ಮಾರುವವನು ಕಿತ್ತುಕೊಳ್ಳಬೇಕೇ?

ಇನ್ನು ಆಟ ತಯಾರಾದ ಚಂದ ಕೇಳಿ. ಮೊದಲಿಗೆ ರೈಗಾ ನಿಜಕ್ಕೂ ಬಲಶಾಲಿ. ಫುಕುಮಿತ್ಸು ಅವನಿಗೆ ಕುದುರೆ ಒದ್ದ ಹಾಗೆ ಒದೆಯುವ ಕಾಲು ಕೊಟ್ಟಿದ್ದ. ಬುಚೋ ಊಟ ಮುಗಿಸಿ ಬಂದು ಕೂರುತ್ತಿದ್ದ, ನಾವು ಸರದಿಯಲ್ಲಿ ಸೋಲುತ್ತಿದ್ದೆವು. ಒಂದು ದಿನ ಅವನು ಎದ್ದು ನಿಂತು ಆಕಳಿಸಿದ.

"ಗೆದ್ದು ಗೆದ್ದು ಬೇಜಾರಾಯ್ತು. ರೈಗಾ ಬಲ ಅತಿಯಾಯ್ತು ಕಣ್ರೀ. ನನ್ನ ಹೀರೊ ಅಂತ ಪಕ್ಷಪಾತ ಮಾಡೋನಲ್ಲ ನಾನು, ನ್ಯಾಯ ಅಂದ್ರೆ ನ್ಯಾಯ. ಅವನ ಏಟು ಸ್ವಲ್ಪ ಇಳಿಸಿ."

"ಆಗಲಿ ಬುಚೋ," ಎಂದ ಫುಕುಮಿತ್ಸು. ಇಳಿಸಿದ.

ಮರುದಿನವೂ ಬುಚೋ ಗೆದ್ದ. ಗೆಲ್ಲದೆ ಏನು? ಮತ್ತೆ ಇಳಿಸಿ ಎಂದ. ಮತ್ತೆ ಇಳಿಸಿದರು, ಮತ್ತೆ ಗೆದ್ದ. ಹೀಗೆ ಇಳಿಸಿ ಇಳಿಸಿ, ಕುದುರೆಯ ಒದೆ ಕತ್ತೆಯ ಒದೆಯಾಯಿತು, ಕತ್ತೆಯದು ಮೇಕೆಯದಾಯಿತು, ಕೊನೆಗೆ ಒದ್ದೆ ಟವೆಲ್ಲಿನಲ್ಲಿ ಬೀಸಿದ ಹಾಗಾಯಿತು. ಈಗ ಸೋಲುವುದು ನಿಜವಾದ ಕಸರತ್ತು. ಫುಕುಮಿತ್ಸು ಒಮಾಸುವನ್ನು ಹಿಡಿದು ರೈಗಾನ ಮುಷ್ಟಿ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ಅದಕ್ಕೆ ಮುಖ ಕೊಟ್ಟು ಬರುತ್ತಿದ್ದ. ಅಂಥ ಎಚ್ಚರದ ಆಟವನ್ನು ನಾನು ಎಲ್ಲೂ ನೋಡಿಲ್ಲ, ಎಲ್ಲವೂ ಸೋಲುವುದಕ್ಕೆ.

ಕೆಳಗಡೆ ಕಾಫಿ ಡಬ್ಬಿಯ ಮೆಷಿನ್ ಹತ್ತಿರ ಅವನನ್ನು ಹಿಡಿದೆ. "ಫುಕುಮಿತ್ಸು-ಸಾನ್, ನಿಮ್ಮ ದಮ್ಮಯ್ಯ, ಒಂದ್ಸಲ ಗೆದ್ದುಬಿಡಿ. ಒಮಾಸು ಉಳೀತಾಳೆ, ರೈಗಾನೂ ಉಳೀತಾನೆ."

"ನಾನಾ? ಏಪ್ರಿಲ್‌ನಲ್ಲಿ ನನ್ನ ಮದುವೆ. ಬುಚೋ ಗಂಡ ಹೆಂಡ್ತಿನೇ ಹಿರಿಯರಾಗಿ ನಿಲ್ಲೋದು."

"ಅದಕ್ಕೆ?"

"ಅದಕ್ಕೆ ಅಂದ್ರೆ! ಗೆದ್ದ ಮೇಲೆ ಆ ಮುಖ ಇಟ್ಕೊಂಡು ಮಂಟಪದಲ್ಲಿ ಹೇಗೆ ಕೂರಲಿ? ನೀವೇ ಗೆಲ್ಲಿ."

ನಾನೂ ಗೆಲ್ಲಲಿಲ್ಲ. ಕೂತಾಗ ಕೈ ತಾನಾಗಿಯೇ ಸಡಿಲವಾಗುತ್ತಿತ್ತು, ಬಾಯಿಂದ ತಾನಾಗಿಯೇ ಅಯ್ಯೋ ಬರುತ್ತಿತ್ತು. ರೂಢಿ ಎಂಬ ಹಾಳಾದ್ದು ಹಾಗೆಯೇ.

ಪರೀಕ್ಷೆಯ ದಿನ ಉಮೆದಾದ ಗೇಮ್ ಸೆಂಟರ್ ತುಂಬಿ ತುಳುಕುತ್ತಿತ್ತು. ಹೊಡೆದಾಟದ ಮೆಷಿನ್‌ಗಳನ್ನು ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಇಡುತ್ತಾರೆ. ಈ ಕಡೆಯವನಿಗೆ ಆ ಕಡೆಯವನ ಮುಖ ಕಾಣುವುದಿಲ್ಲ, ಬಗ್ಗಿದರೆ ಬೂಟು ಕಂಡೀತು. ನಾವು ಕಂಪನಿಯವರು ಎಂದು ಗೊತ್ತಾಗದಂತೆ ಅಲ್ಲಲ್ಲಿ ನಿಂತು ಕಿವಿ ತೆರೆದುಕೊಂಡಿದ್ದೆವು. ಕಾಲೇಜು ಹುಡುಗರ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು.

"ಲೋ, ಈ ಕೂದಲಪ್ಪ ಹೊಡೀತಿದಾನೋ ಬೆನ್ನು ತಟ್ತಿದಾನೋ?"

"ಮೈಕೈ ಒತ್ತುತಿದಾನೆ ಕಣೋ. ಇನ್ನೊಂದು ನೂರು ಹಾಕು, ಕಾಲೂ ಒತ್ತುತಾನೆ."

ಬುಚೋನ ಕಿವಿ ಕೆಂಪಾಯಿತು. "ಈ ಹುಡುಗ್ರಿಗೆ ಆಡೋಕೆ ಬರಲ್ಲ. ಏಳ್ರಪ್ಪಾ," ಎಂದು ಅವರನ್ನು ಎಬ್ಬಿಸಿ ತಾನೇ ಕೂತು ರೈಗಾನನ್ನು ಆರಿಸಿದ. ಅದೇ ಹೊತ್ತಿಗೆ ಎದುರು ಬದಿಯಲ್ಲಿ ಗಾಲ್ಫ್ ಜಾಕೆಟ್ ತೊಟ್ಟ ಮುದುಕನೊಬ್ಬ ಬಂದು ಕೂತ. ಫುಕುಮಿತ್ಸುವಿನ ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿತು. ಅವರು ನಮ್ಮ ಕಂಪನಿಯ ಯಜಮಾನರು, ಹಿರಿಯ ನಾಗಾರಾ. ಹೇಳದೆ ಕೇಳದೆ ಬಂದಿದ್ದರು. ಜಟ್ಟಿಗಳನ್ನೆಲ್ಲ ಒಮ್ಮೆ ನೋಡಿ, "ಹೆಹ್ಹೆ, ಇವಳು ನಮ್ಮ ಮನೆಯವಳ ಥರ ಇದಾಳೆ," ಎಂದುಕೊಂಡು ಒಮಾಸುವನ್ನು ಆರಿಸಿದರು.

"ಎದುರಿಗೆ ಯಾರ್ರೀ ಕೂತಿರೋದು?" ಎಂದು ಬುಚೋ ನನ್ನನ್ನು ಕೇಳಿದ.

"ಯಾರೋ ವಯಸ್ಸಾದೋರು ಬುಚೋ. ಅಂಥಾ ಆಟಗಾರರ ಥರ ಏನ್ ಕಾಣಲ್ಲ."

ಒಂದು ಅಕ್ಷರವೂ ಸುಳ್ಳಿರಲಿಲ್ಲ. ಫುಕುಮಿತ್ಸು ನನ್ನನ್ನು ನುಂಗುವ ಹಾಗೆ ನೋಡಿದ, ನೋಡಲಿ.

ಆ ಕಾಳಗವನ್ನು ಏನೆಂದು ಬಣ್ಣಿಸಲಿ. ಮೆಷಿನ್ನಿನ ಈ ಕಡೆ ಒಬ್ಬ, ಆ ಕಡೆ ಒಬ್ಬ, ಇಬ್ಬರೂ ಎಷ್ಟೋ ವರ್ಷಗಳಿಂದ ಒಂದು ಆಟವನ್ನೂ ಸ್ವಂತವಾಗಿ ಗೆದ್ದವರಲ್ಲ, ಅದು ಇಬ್ಬರಿಗೂ ಗೊತ್ತಿಲ್ಲ. ಬುಚೋ ನಾದುತ್ತಿದ್ದ. ಯಜಮಾನರು ಒಂದೇ ಗುಂಡಿಯನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ಬೆರಳಲ್ಲಿ ಕುಟ್ಟುತ್ತಿದ್ದರು. ಇಬ್ಬರೂ ಜಟ್ಟಿಗಳು ಬಹಳ ಹೊತ್ತು ಗಾಳಿಗೆ ಹೊಡೆದರು. ಒಮ್ಮೆ ಪರಸ್ಪರ ಬೆನ್ನು ತಿರುಗಿಸಿಕೊಂಡು ಹೊಡೆದರು. ಹಿಂದೆ ನಿಂತ ಹುಡುಗರು ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. ಆದರೆ ರೈಗಾನ ಏಟು ಒದ್ದೆ ಟವೆಲ್ಲು, ಒಮಾಸುವಿನ ಏಟು ಕಬ್ಬಿಣ. ಅಪ್ಪಿತಪ್ಪಿ ತಾಗಿದ ಮಗುಚುವ ಕೈಗೇ ರೈಗಾ ಅಡ್ಡಬಿದ್ದ.

ಬುಚೋ ಲಿವರ್ ಹಿಡಿದು ಅಲ್ಲಾಡಿಸಿದ. "ಲಿವರ್ ಸರಿ ಇಲ್ಲ ಇದು!" ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎದ್ದು ಆ ಕಡೆ ಹೋಗಿ, "ಯಾರ್ರೀ ಅದು..." ಎಂದವನು ಅಲ್ಲೇ ಕಲ್ಲಾದ. ಆಮೇಲೆ ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದ.

"ಯಜಮಾನ್ರೇ! ತಾವು ಅಂತ ಗೊತ್ತಿದ್ರೆ ನಾನು..."

"ಗೊತ್ತಿದ್ರೆ ಏನ್ ಮಾಡ್ತಿದ್ದೆ?"

ಗೊತ್ತಿದ್ದರೆ ಇನ್ನೂ ಬೇಗ ಸೋಲುತ್ತಿದ್ದೆ ಎನ್ನಲು ಬಾಯಿ ಬರುತ್ತದೆಯೇ? ಬುಚೋ ಇನ್ನಷ್ಟು ಬಾಗಿದ. ಯಜಮಾನರಿಗೆ ಸಂತೋಷ ಉಕ್ಕಿ ಬರುತ್ತಿತ್ತು.

"ಗಾಲ್ಫ್ ಇರಲಿ, ಮಾಜಾಂಗ್ ಇರಲಿ, ನನಗೆ ಕೈ ಕೂಡುತ್ತೆ ನೋಡು. ಇದನ್ನ ಹಿಂದೆ ಮುಟ್ಟೇ ಇರಲಿಲ್ಲ! ಆದ್ರೂ ನ್ಯಾಯ ನ್ಯಾಯನೇ. ಮೊದಲನೇ ಸಲ ಕೂತ ನಾನೇ ಗೆಲ್ತೀನಿ ಅಂದ್ರೆ ಈ ಅಜ್ಜಿ ಬಲ ಅತಿಯಾಯ್ತು. ಅರ್ಧ ಇಳಿಸಿ."

"ನಾನೂ ಅದನ್ನೇ ಹೇಳ್ತಾ ಇದ್ದೆ ಯಜಮಾನ್ರೇ," ಎಂದ ಬುಚೋ. ಅವನ ಮುಖಕ್ಕೆ ರಕ್ತ ಮರಳಿ ಬಂತು.

ನನ್ನ ತಲೆಯಲ್ಲಿ ಏನೋ ಚಟ್ಟೆಂದಿತು. ರೈಗಾನನ್ನು ಒದ್ದೆ ಟವೆಲ್ ಮಾಡಿದ ಮಾತೇ ಇದು, ಅಕ್ಷರ ಬದಲಾಗಿಲ್ಲ. ನನ್ನಮ್ಮನನ್ನು ಉಳಿಸಿಕೊಂಡು, ಅವಳ ಕೈ ಮುರಿದು, ಊರೂರಿನ ಹುಡುಗರ ಕೈಯಲ್ಲಿ ನಗಿಸುತ್ತಾರೆ. ಅದಕ್ಕಿಂತ ಹೊರಗೆ ಹಾಕಿದ್ದರೇ ವಾಸಿ.

"ಯಜಮಾನ್ರೇ, ನನ್ನ ಜೊತೆ ಒಂದಾಟ ಆಡಿ," ಎಂದೆ.

ಫುಕುಮಿತ್ಸು ನನ್ನ ತೋಳು ಎಳೆದ. ಕೊಡವಿಕೊಂಡು ಬುಚೋನ ಜಾಗದಲ್ಲಿ ಕೂತೆ. ರೈಗಾನನ್ನೇ ಆರಿಸಿದೆ. ಈ ಟವೆಲ್ಲಿನಲ್ಲಿ ಒಮಾಸುವನ್ನು ಸೋಲಿಸಿ ತೋರಿಸಿದರೆ, ಅವಳ ಬಲ ಅತಿಯಾಗಿಲ್ಲ, ಆಡುವವರ ಕೈಯಲ್ಲಿದೆ ಎಂದು ಈ ದೊಡ್ಡ ತಲೆಗೆ ಹೊಕ್ಕೀತು ಎಂಬುದು ನನ್ನ ಎಣಿಕೆ.

ಯಜಮಾನರು ಮೊಳೆ ಹೊಡೆಯಲು ಶುರುಮಾಡಿದರು. ಒಮಾಸು ಕೈ ಎತ್ತುವ ಮುಂಚೆ ಅವಳ ಎಡಭುಜ ಸ್ವಲ್ಪ ಕುಸಿಯುತ್ತದೆ. ನನ್ನಮ್ಮನಿಗೆ ಆ ಭುಜ ನೋವು, ಅದಕ್ಕೇ ಹಾಗೆ ಬರೆದಿದ್ದೆ. ಭುಜ ಕುಸಿದಾಗೆಲ್ಲ ನಾನು ಹೊಡೆದೆ. ಒಂದು ಏಟಿಗೆ ಏನೂ ಆಗುತ್ತಿರಲಿಲ್ಲ, ಅದಕ್ಕೆ ಮತ್ತೆ ಮತ್ತೆ ಹೊಡೆಯಬೇಕಾಯಿತು. ಅವಳನ್ನು ಉಳಿಸಲು ಅವಳನ್ನೇ ಹೊಡೆಯುತ್ತಿದ್ದೇನಲ್ಲ ಎಂದುಕೊಂಡೆ. ಕೈ ಮಾತ್ರ ನಿಲ್ಲಿಸಲಿಲ್ಲ. ಹುಡುಗರ ನಗು ನಿಂತುಹೋಯಿತು. "ಅಕ್ಕಾ, ಬಿಡಬೇಡಿ!" ಎಂದು ಒಬ್ಬ ಕೂಗಿದ. ಒಮಾಸು ಬಿದ್ದಳು. ರೈಗಾನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಯಜಮಾನರು ಸಿಗರೇಟು ಹಚ್ಚಿಕೊಂಡು ಪರದೆಯನ್ನೇ ನೋಡಿದರು. "ಯಾರಯ್ಯಾ ಈ ಹುಡುಗಿ?"

"ಚಿತ್ರ ಬರೆಯೋಳು ಯಜಮಾನ್ರೇ. ದಯವಿಟ್ಟು ಮನ್ನಿಸಿ, ನಾನು ವಿಚಾರಿಸ್ಕೋತೀನಿ," ಎಂದು ಬುಚೋ ಹಲ್ಲು ಕಡಿದ.

"ಹ್ಞೂಂ. ಹಾಗಾದ್ರೆ ನಾನು ಹೇಳಿದ್ದು ತಪ್ಪು." ಅಂತೂ ತಲೆಗೆ ಹೊಕ್ಕಿತು ಎಂದುಕೊಂಡೆ. ಯಜಮಾನರು ಹೊಗೆ ಬಿಟ್ಟರು. "ಈ ಉದ್ದ ಕೂದಲಿನವನಿದಾನಲ್ಲ, ಇವನು ಭಯಂಕರ. ಚಿತ್ರ ಬರೆಯೋ ಹೆಣ್ಣು ಹುಡುಗಿ ಕೈಗೆ ಕೊಟ್ರೂ ನನ್ನಂಥವನನ್ನೇ ಮಲಗಿಸ್ದ ಅಂದ್ರೆ! ಇವನನ್ನ ಇನ್ನೂ ಇಳಿಸಿ. ಅಜ್ಜಿ ತಂಟೆಗೆ ಹೋಗ್ಬೇಡಿ, ಪಾಪ."

ಕೋಣನ ಮುಂದೆ ಕಿನ್ನರಿ ಬಾರಿಸಿದ್ದೆ. ಆದರೆ ಕೋಣ ತಲೆ ಆಡಿಸಿದ್ದು ನನಗೆ ಬೇಕಾದ ಕಡೆಗೆ. ನಗಬೇಕೋ ಅಳಬೇಕೋ ತಿಳಿಯದೆ ಬಾಗಿ ವಂದಿಸಿದೆ.

ಮುಂದಿನ ವಾರವೇ ನನ್ನನ್ನು ಗೊಂಬೆ ವಿಭಾಗಕ್ಕೆ ಎತ್ತಿ ಹಾಕಿದರು. ಗೇಮ್ ಸೆಂಟರ್‌ಗಳಲ್ಲಿ ಕೊಕ್ಕೆಯಿಂದ ಎತ್ತುವ ಗೊಂಬೆಗಳಿರುತ್ತವಲ್ಲ, ಆ ಕರಡಿಗಳಿಗೆ ಕಣ್ಣು ಎಲ್ಲಿ ಹೊಲಿಯಬೇಕು ಎಂದು ಗುರುತು ಹಾಕುವ ಕೆಲಸ. "ಹೊಸ ಅನುಭವ ಆಗಲಿ ಅಂತ," ಎಂದ ಬುಚೋ, ಬಲು ಸಿಹಿಯಾಗಿ. ಹೋದರೆ ಹೋಗಲಿ. ಒಮಾಸು ಎರಡೂ ಕೈ ಗಟ್ಟಿಯಾಗಿದ್ದು 'ಗೊಕೆನ್ 2'ರಲ್ಲಿ ಹೊರಟಳು.

ಆಟ ಬಿಡುಗಡೆಯಾಯಿತು. ಬಂದ ಮೊದಲ ವಾರದಲ್ಲೇ ಒಮಾಸುವನ್ನು ಎದುರಿಸುವವರಿಲ್ಲ ಎಂದಾಯಿತು. ಪತ್ರಿಕೆಗಳು ಬಲದ ಪಟ್ಟಿಯಲ್ಲಿ ಅವಳನ್ನು ಎಲ್ಲರಿಗಿಂತ ಮೇಲೆ ಹಾಕಿದವು. ರೈಗಾನನ್ನು ಎಲ್ಲರಿಗಿಂತ ಕೆಳಗೆ ಹಾಕಿ, ಅವನಿಗೂ ಮೇಲಿನವನಿಗೂ ನಡುವೆ ಒಂದಿಷ್ಟು ಖಾಲಿ ಜಾಗವನ್ನೂ ಬಿಟ್ಟವು. 'ಒದ್ದೆ ಟವೆಲ್' ಎಂಬ ಹೆಸರು ನಾನು ಹೇಳಿಕೊಟ್ಟದ್ದಲ್ಲ, ಹುಡುಗರಿಗೇ ಹೊಳೆಯಿತು. ಬುಚೋ ಕೆಲಸ ಹೋಗುತ್ತದೆ ಎಂದು ನಾನು ಕರಡಿಗಳ ನಡುವೆ ಕೂತು ಸಂಭ್ರಮಪಟ್ಟೆ.

ಆದರೆ ಹಾಳು ಅದೃಷ್ಟ ಎಂಥೆಂಥವರಿಗೋ ಬರುತ್ತದೆ. ಸಂಜೆ ಆಫೀಸು ಬಿಟ್ಟ ಮೇಲೆ ಟೈ ಕಟ್ಟಿದವರು ಗುಂಪುಗುಂಪಾಗಿ ಗೇಮ್ ಸೆಂಟರ್‌ಗೆ ಬರತೊಡಗಿದರು. ಪ್ರತಿ ಗುಂಪಿನಲ್ಲೂ ಒಬ್ಬ ಬುಚೋ. ಅವನನ್ನು ಗೆಲ್ಲಿಸಲು ಕೈಕೆಳಗಿನವರು ಇಷ್ಟು ದಿನ ಎಷ್ಟು ಹೆಣಗಿದ್ದರೋ ಪಾಪ. ಈಗ ರೈಗಾನನ್ನು ಆರಿಸಿಕೊಂಡು ಜೀವ ಬಿಟ್ಟು ಆಡಿದರೂ ಸರಿ, ಮರ್ಯಾದೆಯಾಗಿ ಸೋಲಬಹುದು. ದೇಶಕ್ಕೆ ದೇಶವೇ ಕಾಯುತ್ತಿದ್ದ ಸೆತ್ತಾಯ್ ಜಟ್ಟಿ ಸಿಕ್ಕಿಬಿಟ್ಟ. ಆಫೀಸುಗಳಿರುವ ಬೀದಿಗಳಿಂದ ಇನ್ನಷ್ಟು ಮೆಷಿನ್ ಕಳಿಸಿ ಎಂದು ಬೇಡಿಕೆ ಬಂತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಕಾಗೆ ಮಾತ್ರ ಕೊಂಬೆ ಮುರಿದದ್ದು ತಾನೇ ಎಂದು ಸಂದರ್ಶನ ಕೊಟ್ಟಿತು. "ಮೊದಲಿಂದಲೂ ಇದೇ ನನ್ನ ಯೋಚನೆಯಾಗಿತ್ತು," ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಗದ್ದಕ್ಕೆ ಕೈಕೊಟ್ಟ ಫೋಟೊ.

ಈ ಸಂತೋಷಕ್ಕೆ ಔತಣ ಇಟ್ಟದ್ದು ನನ್ನಮ್ಮನ ಅಂಗಡಿಯಲ್ಲೇ. ಒಮಾಸುವಿನ ಅಂಗಡಿ ಎಂದು ಅಷ್ಟರಲ್ಲಿ ಹೆಸರಾಗಿತ್ತು, ಬುಚೋಗೆ ಅಲ್ಲೊಂದು ಫೋಟೊ ಬೇಕಿತ್ತು. ಗೊಂಬೆ ವಿಭಾಗದವಳಾದರೂ ಮನೆಮಗಳು ಎಂದು ನನ್ನನ್ನೂ ಕರೆದರು. ಬುಚೋ ಕೋಟು ಬಿಚ್ಚಿ, ತನ್ನ ಒಕೊನೊಮಿಯಾಕಿಯನ್ನು ತಾನೇ ಮಗುಚಿದ. ಒಂದು ತುಂಡು ಹಾರಿ ಬಿಯರ್ ಲೋಟಕ್ಕೆ ಬಿತ್ತು.

"ಆಹಾ, ಏನು ಕೈಚಳಕ ಬುಚೋ!" ಎಂದ ಫುಕುಮಿತ್ಸು. ಮದುವೆಯಾಗಿ ಇನ್ನಷ್ಟು ಪಳಗಿದ್ದ.

ಎರಡನೆಯದನ್ನು ಕಾವಲಿಗೆ ಹುಯ್ದು ಬುಚೋ ಮೂಲೆಯ ಮೆಷಿನ್ ಕಡೆ ಹೊರಟ. ಅಮ್ಮ ಅದಕ್ಕೆ ಹೊಸ ಆಟ ಹಾಕಿಸಿದ್ದಳು. ಅದು ಇಬ್ಬರು ಪಕ್ಕಪಕ್ಕ ಕೂತು ಆಡುವ ಹಳೆಯ ಮೆಷಿನ್. ಬುಚೋ ಎಂದಿನಂತೆ ರೈಗಾ ಹಿಡಿದ. ಫುಕುಮಿತ್ಸುವಿಗೆ, "ನೀನು ಅಜ್ಜೀನೇ ತಗೊಳ್ಳಯ್ಯಾ, ಮಜಾ ಇರುತ್ತೆ," ಎಂದ.

ಜಗತ್ತಿನ ಅತಿ ಬಲಶಾಲಿಯನ್ನು ಹಿಡಿದು ಜಗತ್ತಿನ ಅತಿ ದುರ್ಬಲನಿಗೆ ಸೋಲುವುದು. ಫುಕುಮಿತ್ಸು ಅದನ್ನೂ ಮಾಡತೊಡಗಿದ. ಒಮಾಸು ಗೋಡೆಗೆ ಒರಗಿ ನಿಂತಳು. ರೈಗಾ ಬೀಸಿದಾಗೆಲ್ಲ ಎರಡು ಹೆಜ್ಜೆ ಮುಂದೆ ಬಂದು ಮುಖ ಒಡ್ಡಿದಳು. "ನೋಡ್ರೋ, ನೋಡ್ರೋ! ರೈಗಾನ ಇಟ್ಕೊಂಡೂ ಹೊಡೀತಿದೀನಿ! ಮೆಷಿನ್ನಲ್ಲಿ ಏನಿದೆ, ಇರೋದೆಲ್ಲ ಕೈಯಲ್ಲಿ!" ಎಂದು ಬುಚೋ ಅಂಗಡಿಯೆಲ್ಲ ಕೇಳುವ ಹಾಗೆ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಮ್ಮ ಏಪ್ರನ್‌ಗೆ ಕೈ ಒರೆಸಿಕೊಳ್ಳುತ್ತ ಅವರ ಹಿಂದೆ ಬಂದು ನಿಂತಳು. ಪರದೆಯ ಮೇಲೆ ಅವಳು ಏಟು ತಿನ್ನುತ್ತಿದ್ದಳು, ತಿರುಗಿ ಕೈ ಎತ್ತುತ್ತಿರಲಿಲ್ಲ.

"ಯಾಕಪ್ಪಾ ಅವಳು ಕೈ ಎತ್ತುತಿಲ್ಲ?" ಎಂದು ಫುಕುಮಿತ್ಸುವನ್ನು ಕೇಳಿದಳು.

"ಬುಚೋ ಬಿಡ್ತಿಲ್ಲ ಅಮ್ಮ. ಅವರ ಆಟ ಅಷ್ಟು ಚೆನ್ನಾಗಿದೆ."

"ನನ್ ಕಣ್ಣೇನು ಕುರುಡಾ?"

ಅಮ್ಮ ಬಗ್ಗಿದಳು, ಗೋಡೆಯಿಂದ ಮೆಷಿನ್ನಿನ ಪ್ಲಗ್ ಕಿತ್ತಳು. ರೈಗಾನೂ ಒಮಾಸುವೂ ಕತ್ತಲಾದರು.

"ಏನಮ್ಮಾ ಇದು!" ಬುಚೋ ಎದ್ದು ನಿಂತ. "ನಾನು ಗೆಲ್ತಾ ಇದ್ದೆ!"

"ನೀನೆಲ್ಲಯ್ಯಾ ಗೆಲ್ತಿದ್ದೆ? ಇವನು ಸೋಲ್ತಿದ್ದ."

ಅಮ್ಮ ಪ್ಲಗ್ಗನ್ನು ಮೆಷಿನ್ ಮೇಲೆ ಕುಕ್ಕಿದಳು. "ನಿಮ್ಮಾಫೀಸಲ್ಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ. ನನ್ನ ಅಂಗಡೀಲಿ ನನ್ನ ಕೈ ಕಟ್ಟಿ ನನಗೆ ಹೊಡೆಸ್ಬೇಡಿ. ಮುಂದಿನೋರು ಯಾರು? ಯಾರಿಗೆ ಬಿಯರು?"

ಬುಚೋ ಫುಕುಮಿತ್ಸುವಿನ ಕಡೆ ತಿರುಗಿದ. ಫುಕುಮಿತ್ಸು ಸಾಸ್ ಬಾಟಲಿಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದ. ಬುಚೋ ಒಬ್ಬೊಬ್ಬರನ್ನೇ ನೋಡುತ್ತ ಬಂದ, ಒಬ್ಬೊಬ್ಬರೇ ತಲೆ ಬಗ್ಗಿಸುತ್ತ ಹೋದರು. ಕೊನೆಗೆ ನನ್ನ ಹತ್ತಿರ ಬಂದು ನಿಂತ.

"ಕುರಾಮೊಚಿ-ಸಾನ್. ನಿಮ್ಮ ತಾಯಿ ಏನ್ ಹೇಳ್ತಿದಾರೆ?"

"ನಿಜ ಹೇಳ್ತಿದಾಳೆ ಬುಚೋ."

"ಯಾವತ್ತಿಂದ?"

"ನೀವು ಬಂದ ದಿನದಿಂದ."

"ಎಲ್ಲರೂನಾ?"

"ಎಲ್ಲರೂ. ನಾನೂನು."

ಅವನು ಕಾವಲಿಯ ಮುಂದೆ ಕುಕ್ಕರಿಸಿದ. ತಗ್ಗಿದ ದನಿಯಲ್ಲಿ, "ಹಾಗಾದ್ರೆ ನನ್ನ ರೈಗಾ ಹುಟ್ಟಿನಿಂದಲೇ ದುರ್ಬಲನಾ?" ಎಂದ.

ಹೌದು ಎಂದುಬಿಡಬಹುದಿತ್ತು. ಅದೂ ಒಂದು ಸೆತ್ತಾಯ್ ಆಗುತ್ತಿತ್ತು.

"ಇಲ್ಲ ಬುಚೋ. ಹುಟ್ಟಿದಾಗ ಕುದುರೆ ಥರ ಇದ್ದ. ದಿನಾ ಗೆದ್ದು ಗೆದ್ದು ನೀವೇ ಕೊಂದ್ರಿ."

ಅವನ ಮುಖ ಇಳಿಯಿತು. ಆ ಕಾಲೇಜು ಫೋಟೊದ ಹುಡುಗನ ಹೋಲಿಕೆ ಆಗ ಮೊದಲ ಸಲ ಅವನಲ್ಲಿ ಕಂಡಿತು. ಅಯ್ಯೋ ಪಾಪ ಎನಿಸಬೇಕಿತ್ತು. ನನಗೆ ಎನಿಸಲಿಲ್ಲ.

"ಸೀದು ಹೋಗ್ತಿದೆ ಕಣಯ್ಯಾ," ಎಂದಳು ಅಮ್ಮ. "ಬಾಯಿ ಮುಚ್ಕೊಂಡು ತಿರುವಿ ಹಾಕು."

ಬುಚೋ ಮಗುಚುವ ಕೈ ಎತ್ತಿಕೊಂಡು ತಿರುವಿದ. ಅರ್ಧ ಕಾವಲಿಯ ಮೇಲೆ ಬಿತ್ತು, ಅರ್ಧ ಅವನ ಮಡಿಲಿಗೆ ಬಿತ್ತು. ಫುಕುಮಿತ್ಸು ಅಭ್ಯಾಸಬಲದಿಂದ ಆಹಾ ಎನ್ನಲು ಬಾಯಿ ತೆರೆದ, ನನ್ನಮ್ಮನ ಮುಖ ನೋಡಿ ಮುಚ್ಚಿಕೊಂಡ.